ಹಳದಿ ಚೌಕ

ಎಂಟು ಗಂಟೆಗೆ ವ್ಯಾನು ಬರಬೇಕು. ಒಂಬತ್ತಕ್ಕೆ ಪೆಟ್ಟಿಗೆ ಮನೆ ಬಿಡಬೇಕು. ಹತ್ತಕ್ಕೆ ಗುಂಡಿಯ ಬಳಿ ಇಳಿಯಬೇಕು. ಬಿಸಿಲು ನೆತ್ತಿಗೆ ಏರುವ ಹೊತ್ತಿಗೆ ಆ ಗುಂಡಿಯ ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ ನಿಂತಿರಬೇಕು. ಈ ಅನುಕ್ರಮದಲ್ಲಿ ಮೊದಲ ಮೂರು ಸಂಗತಿಗಳು ಎಲ್ಲರಿಗೂ ಗೊತ್ತಿದ್ದವು. ನಾಲ್ಕನೆಯದು ಅಕ್ಕನಿಗೆ ಮತ್ತು ಅವಳ ಮಗನಿಗೆ ಮಾತ್ರ ಗೊತ್ತಿತ್ತು.

ಅದನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಜೋಡಿಸಿ ನೋಡುತ್ತ ಅವಳು ಸತ್ತ ತಮ್ಮನ ಬಲಗೈಯ ಉಗುರುಗಳನ್ನು ಉಜ್ಜುತ್ತಿದ್ದಳು. ಪಕ್ಕದ ಬಟ್ಟಲಿನಲ್ಲಿ ಸೀಮೆಎಣ್ಣೆಯೂ ಸೋಪಿನ ಪುಡಿಯೂ ಕಲಸಿದ ನೊರೆಯಿತ್ತು. ಕೈಯಲ್ಲಿದ್ದ ಬ್ರಷ್ಷು ಅವಳ ಪಂಕ್ಚರ್ ಅಂಗಡಿಯದು. ಟ್ಯೂಬಿಗೆ ತೇಪೆ ಹಚ್ಚುವ ಮೊದಲು ಧೂಳು ತೆಗೆಯಲು ಬಳಸುವಂಥದ್ದು.

"ಬಿಡಿ ಅಕ್ಕ," ಎಂದಳು ತಮ್ಮನ ಹೆಂಡತಿ, ಕಾಲ ಬಳಿ ಕುಳಿತಲ್ಲಿಂದ. "ಅದು ಹೋಗಲ್ಲ. ಮದುವೆ ದಿನಾನೂ ಹೋಗ್ಲಿಲ್ಲ. ಆ ಕೈಯಲ್ಲೇ ನನ್ನ ಕೈ ಹಿಡಿದ್ರು, ನನ್ನ ಸೀರೆಗೆಲ್ಲಾ ಗ್ರೀಸು."

"ಹೋಗ್ಲಿ ಬಿಡಲಿ, ನಾನು ಉಜ್ತೀನಿ," ಎಂದಳು ಅಕ್ಕ. "ಕೈ ಸುಮ್ನೆ ಇಟ್ಕೊಂಡ್ರೆ ನನಗೆ ಬೇರೆ ಏನೇನೋ ಮಾಡೋಣ ಅನ್ನಿಸುತ್ತೆ."

ಲಾರಿ ನಿಲ್ದಾಣದ ಬಾಯಲ್ಲೇ ಅವಳ ಅಂಗಡಿ. ಗಂಡ ತೀರಿಕೊಂಡ ಮೇಲೆ ಜಾಕಿ, ಲಿವರು, ಗಾಳಿ ಯಂತ್ರ ಎಲ್ಲವನ್ನೂ ಅವಳೇ ನಡೆಸಿಕೊಂಡು ಬಂದಿದ್ದಳು. ಅವಳಿಗಿಂತ ಹಿರಿಯ ಚಾಲಕರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ತಮ್ಮನಿಗೆ ನಿಲ್ದಾಣದವರು ಇಟ್ಟ ಹೆಸರು ರಿವರ್ಸ್. ನಲವತ್ತಡಿ ಟ್ರೇಲರನ್ನು ಎಂಥ ಇಕ್ಕಟ್ಟಿನಲ್ಲೂ ಒಂದೇ ಸಲಕ್ಕೆ ಹಿಂದಕ್ಕೆ ಸೇರಿಸುವುದು ಅವನೊಬ್ಬನಿಗೇ ಬರುತ್ತಿತ್ತು.

ಹೊರಗೆ, ಬಾಗಿಲ ಪಕ್ಕದ ಬೆಂಚುಗಳ ಮೇಲೆ ಚಾಲಕರು ಸೇರಿದ್ದರು. ಎಲ್ಲವನ್ನೂ ಎರಡೆರಡು ಸಲ ಹೇಳುವ ಮುದುಕನಿಗೆ ಡಬಲ್ ಹಾರ್ನ್ ಎಂದು ಹೆಸರು. ಅವನ ಪಕ್ಕದಲ್ಲಿ ಅರ್ಧ ಬೆಂಚನ್ನು ಆವರಿಸಿ ಕುಳಿತವನು ಟ್ಯಾಂಕರ್, ಓಡಿಸುತ್ತಿದ್ದುದೂ ಟ್ಯಾಂಕರನ್ನೇ.

"ಎಂಥ ಕೈ ಅದು, ಎಂಥ ಕೈ," ಎಂದ ಡಬಲ್ ಹಾರ್ನ್. "ಸೂಜಿಗೆ ದಾರ ಪೋಣಿಸೋ ಹಾಗೆ ಗಾಡೀನ ಹಿಂದಕ್ಕೆ ಹಾಕೋನು."

"ಹಿಂದಕ್ಕೆ ಹಾಕೋಕೆ ಬಿಟ್ರು. ಮುಂದಕ್ಕೆ ಓಡಿಸೋಕೆ ಬಿಟ್ಟಿದ್ರೆ ತಾನೆ?" ಎಂದ ಟ್ಯಾಂಕರ್. "ಕ್ಯಾಬಿನ್ನಿಗೆ ಒಂದು ಡಬ್ಬಿ ಕೂರಿಸಿದಾರೆ. ಹೊತ್ತಾದ್ರೆ ಸಾಕು, 'ವಿಶ್ರಾಂತಿ, ವಿಶ್ರಾಂತಿ' ಅಂತ ಬಡ್ಕೊಳ್ಳುತ್ತೆ. ಎಲ್ಲಿ ತಗೊಳ್ಳೋದು ವಿಶ್ರಾಂತಿ? ರಸ್ತೆ ಬದಿ ನಿಂತ್ರೆ ದಂಡ, ನಿಲ್ದೆ ಹೋದ್ರೆ ಇನ್ನೂ ದೊಡ್ಡ ದಂಡ."

"ನನ್ನ ಕತ್ತರಿ ಕತೆ ಕೇಳಿದೀಯಾ, ಕತ್ತರಿ ಕತೆ?"

"ಹತ್ತು ಸಲ ಕೇಳಿದೀನಿ. ಹೇಳು."

"ಔಷಧಿ ಪೆಟ್ಟಿಗೇಲಿ ಕತ್ತರಿ ಇಲ್ಲ ಅಂತ ಒಬ್ಬ ದಂಡ ಹಾಕ್ದ. ಸರಿ ಸ್ವಾಮಿ ಅಂತ ಅಲ್ಲೇ ಅಂಗಡೀಲಿ ಕತ್ತರಿ ತಗೊಂಡು ಇಟ್ಕೊಂಡೆ. ಮುಂದಿನ ತಪಾಸಣೇಲಿ ಇನ್ನೊಬ್ಬ, ಕ್ಯಾಬಿನ್ನಲ್ಲಿ ಚೂಪಾದ ಆಯುಧ ಇದೆ ಅಂತ ದಂಡ ಹಾಕ್ದ!"

ನಗು ಎದ್ದಿತು; ಒಳಗಿನ ಪೆಟ್ಟಿಗೆ ನೆನಪಾಗಿ ಅರ್ಧಕ್ಕೇ ಕುಸಿಯಿತು. ಅಕ್ಕ ಬಾಗಿಲಿಗೆ ಬಂದು ಬಟ್ಟಲಿನ ನೊರೆಯನ್ನು ಮೋರಿಗೆ ಚೆಲ್ಲಿದಳು.

"ನಿನ್ನ ಮಗ ಕಾಣಿಸ್ತಿಲ್ಲವಲ್ಲಕ್ಕ?" ಟ್ಯಾಂಕರ್ ಕೇಳಿದ.

"ಡ್ಯೂಟಿಗೆ ಹೋಗಿದಾನೆ."

ಅವಳ ಮಗ ಯಾವ ಡ್ಯೂಟಿಯಲ್ಲಿದ್ದ, ಅವನ ಮಾಮ ಸತ್ತಾಗ ಯಾವ ಕಿಟಕಿಯ ಹಿಂದೆ ಕುಳಿತಿದ್ದ ಎಂಬುದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು.

"ಇವತ್ತೂ?" ಟ್ಯಾಂಕರಿನ ಧ್ವನಿ ಏರಿತು. "ಸ್ವಂತ ಮಾಮನ ಮಣ್ಣಿಗೂ ಬರದೆ ಆ ಕಿಟಕೀಲಿ ಹೋಗಿ ಕೂತಿದಾನಾ? ಥೂ, ಅವನ ಹೊಟ್ಟೆಗೆ..."

"ಬಯ್ಯಬೇಡ. ನಾನೇ ಕಳಿಸಿದ್ದು," ಎಂದಳು ಅಕ್ಕ. "ನಿಮಗೂ ಒಂದು ಕೆಲಸ ಇದೆ. ಗುಂಡಿ ಹತ್ರ ಹೋದ ಮೇಲೆ ಹೇಳ್ತೀನಿ. ಇವತ್ತೊಂದು ದಿನ ಎಲ್ಲಾ ನಿಯಮ ಪಾಲಿಸ್ಬೇಕು ನೀವು. ಒಂದೂ ಬಿಡ್ದೆ."

\*

ತಮ್ಮ ಹಿಂದಕ್ಕೆ ಓಡಿಸಲು ಕಲಿತದ್ದು ಲಾರಿಯಲ್ಲಲ್ಲ, ಅಕ್ಕನ ಅಂಗಡಿಯ ಹಿತ್ತಿಲಲ್ಲಿ. ಸೈಕಲ್ಲಿನ ಹಿಂದೆ ಎರಡು ಗಾಲಿಯ ಕೈಗಾಡಿಯನ್ನು ಸಡಿಲವಾಗಿ ಕಟ್ಟಿ, ಹಳೆಯ ಟೈರುಗಳ ನಡುವಿನ ಓಣಿಯಲ್ಲಿ ಇಡೀ ಮಧ್ಯಾಹ್ನ ಹಿಂದಕ್ಕೆ ತಳ್ಳುತ್ತಿದ್ದ. ಗಾಡಿ ಎಡಕ್ಕೆ ಹೋಗಬೇಕಾದರೆ ಹ್ಯಾಂಡಲ್ ಬಲಕ್ಕೆ ತಿರುಗಬೇಕು. ಆ ಒಂದು ಸೂತ್ರ ಕೈಗೆ ಹತ್ತಲು ಅವನಿಗೆ ಒಂದು ಬೇಸಗೆಯೇ ಹಿಡಿಯಿತು. ಟೈರಿನ ಗೋಪುರಗಳು ಬಿದ್ದು ಅಕ್ಕನ ಬೈಗುಳಕ್ಕೆ ಗುರಿಯಾದದ್ದು ಎಷ್ಟು ಸಲವೋ.

ಅವನ ಬದುಕಿನಲ್ಲಿ ಹೇಳಿಕೊಳ್ಳುವಂಥ ಘಟನೆಗಳು ಕಡಿಮೆ. ಒಂದು ಮದುವೆ, ಮಕ್ಕಳಿಲ್ಲ. ಒಂದೇ ಮಾಲೀಕನ ಕೈಕೆಳಗೆ ಮೂರು ಲಾರಿಗಳು ಸವೆದವು. ಕ್ಯಾಬಿನ್ನಿನಲ್ಲಿ ಮಡಚಿಟ್ಟ ಹಾಸಿಗೆ, ಖಾಲಿ ಬಾಟಲಿಯೊಂದು. ಶೌಚಾಲಯಗಳೆಲ್ಲ ಸಿಬ್ಬಂದಿಗೆ ಮಾತ್ರ ಎಂದು ಬರೆದ ಅಂಗಳಗಳಲ್ಲಿ ಚಾಲಕನಿಗೆ ಆ ಬಾಟಲಿಯೇ ಗತಿ. ವರ್ಷದ ಹಿಂದೆ ಎದೆ ಹಿಡಿದುಕೊಂಡಾಗ ವೈದ್ಯರು ಸಣ್ಣ ಬಿಳಿ ಮಾತ್ರೆಗಳನ್ನು ಕೊಟ್ಟರು. ನೋವು ಬಂದ ತಕ್ಷಣ ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು, ತಡ ಮಾಡಬಾರದು ಎಂದರು. ಅವನು ಆ ಡಬ್ಬಿಯನ್ನು ಸ್ಟೀರಿಂಗಿನ ಪಕ್ಕದ ಗೂಡಿನಲ್ಲಿ ಇಟ್ಟ. ಚಾಲಕ ಕ್ಯಾಬಿನ್ನಿನಲ್ಲಲ್ಲದೆ ಬೇರೆಲ್ಲಿರುತ್ತಾನೆ ಎಂಬುದು ಅವನ ಲೆಕ್ಕ. ಅಂಥ ತಪ್ಪನ್ನು ಚಾಲಕರು ಮಾತ್ರ ಮಾಡುತ್ತಾರೆ. ಅವರಿಗೆ ಜೇಬಿಗಿಂತ ಕ್ಯಾಬಿನ್ನು ಹತ್ತಿರ.

ಅಕ್ಕನ ಮಗ ಲೈಸೆನ್ಸಿಗೆ ಅರ್ಜಿ ಹಾಕಲು ಹೊರಟಾಗ ಅಡ್ಡ ನಿಂತವನು ಅವನೇ. "ಬೇಡ ಅಳಿಯ, ಈ ಕಸುಬು ನನ್ನ ತಲೆಗೇ ಮುಗೀಲಿ," ಎಂದವನು, ಸರಕಿನ ಗೋದಾಮಿನಲ್ಲಿ ಯಾರ್ಯಾರನ್ನೋ ಹಿಡಿದು ಹುಡುಗನಿಗೆ ಕೀ ಕಿಟಕಿಯ ಕೆಲಸ ಕೊಡಿಸಿದ. ಮೊದಲ ದಿನ ಅಕ್ಕನ ಅಂಗಡಿಗೆ ಬಂದು ಕೈಬೆರಳು ಮಡಚಿ ಎಣಿಸಿದ್ದ: "ಕುರ್ಚಿ ಇದೆ. ಫ್ಯಾನಿದೆ. ಶೌಚಾಲಯ ಇದೆ. ಇನ್ನೇನಕ್ಕ ಬೇಕು ಮನುಷ್ಯನಿಗೆ?"

\*

ಗೋದಾಮಿನ ಅಂಗಳದ ನಿಯಮ ಸರಳವಾಗಿತ್ತು. ಚಾಲಕನು ಲಾರಿಯನ್ನು ಸರಕು ತುಂಬುವ ಕಟ್ಟೆಗೆ ಸೇರಿಸಿ, ಕ್ಯಾಬಿನ್ನಿಗೆ ಬೀಗ ಹಾಕಿ, ಕೀಯನ್ನು ಕಿಟಕಿಯಲ್ಲಿ ಒಪ್ಪಿಸಬೇಕು. ಬಳಿಕ ಹಳದಿ ಬಣ್ಣದ ಗೆರೆ ಎಳೆದ ಚೌಕದೊಳಗೆ ನಿಲ್ಲಬೇಕು. ಸರಕು ತುಂಬಿ ಮುಗಿದು ಹಸಿರು ದೀಪ ಹತ್ತುವವರೆಗೆ ಕೀ ಮರಳಿ ಸಿಗುವುದಿಲ್ಲ. ಎಲ್ಲೋ ಒಂದು ಕಡೆ, ಒಳಗೆ ಕೂಲಿಯವನಿರುವಾಗಲೇ ಲಾರಿ ಮುಂದೆ ಸರಿದು ಅವನು ಬಿದ್ದು ಸತ್ತಿದ್ದ. ಸರ್ಕಾರ ಆ ಮೇಲೆ ಈ ನಿಯಮ ತಂದಿತ್ತು. ನಿಯಮದಲ್ಲಿ ಹುರುಳಿಲ್ಲವೆಂದು ಚಾಲಕರೂ ಹೇಳುತ್ತಿರಲಿಲ್ಲ.

ಆದರೆ ಚೌಕದ ಮೇಲೆ ಮೊದಲು ತಗಡಿನ ಮಾಡಿತ್ತು. ಹೊಸದಾಗಿ ಬಂದ ಸುರಕ್ಷತಾಧಿಕಾರಿ ಅದನ್ನು ಕೀಳಿಸಿದರು. ಮಾಡಿನ ಅಡಿಯಲ್ಲಿ ಯಾರು ಗೆರೆಯ ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂಬುದು ಕ್ಯಾಮೆರಾಕ್ಕೆ ಕಾಣುವುದಿಲ್ಲವೆಂಬುದು ಅವರ ವಾದ. ಅಂದಿನಿಂದ ಚಾಲಕರು ಅವರನ್ನು ಗೆರೆ ಸಾಹೇಬ್ರು ಎನ್ನತೊಡಗಿದರು. ಬಿಸಿಲಿನಲ್ಲಿ ಚೌಕ ಕಾದ ಹಂಚಿನಂತಾಗುತ್ತಿತ್ತು.

ಆ ದಿನದ ಸಂಗತಿಯನ್ನು ಮಗ ಅಕ್ಕನಿಗೆ ಅಡುಗೆಮನೆಯ ನೆಲದ ಮೇಲೆ ಕುಳಿತು ಒಂದೇ ಸಲ ಹೇಳಿದ್ದ. ಅವಳಿಗೆ ಇನ್ನೊಂದು ಸಲ ಕೇಳಬೇಕಾಗಿರಲಿಲ್ಲ.

"ಮಾಮ ಗೆರೆ ದಾಟಿ ಕಿಟಕಿ ತನಕ ಬಂದ್ರಮ್ಮ. 'ಕೀ ಕೊಡೋ ಅಳಿಯ, ಮಾತ್ರೆ ಕ್ಯಾಬಿನ್ನಲ್ಲಿದೆ' ಅಂದ್ರು. ಮುಖ ಎಲ್ಲಾ ಬೆವರಿತ್ತು."

"ನೀನೇನಂದೆ?"

"ಕ್ಯಾಮೆರಾ ನನ್ನ ತಲೆ ಮೇಲೇ ಇತ್ತಮ್ಮ. ದೀಪ ಬರೋಕೆ ಮೊದಲು ಕೀ ಕೊಟ್ಟ ಅಂತ ಹಿಂದಿನ ತಿಂಗಳು ಇನ್ನೊಬ್ಬನ್ನ ಅವತ್ತೇ ಮನೆಗೆ ಕಳಿಸಿದ್ರು..."

"ನೀನೇನಂದೆ ಅಂತ ಕೇಳ್ದೆ."

ಮಗ ಗೋಡೆ ನೋಡುತ್ತ ಹೇಳಿದ: "'ಲೋಡಿಂಗ್ ಮುಗಿಯೋವರೆಗೂ ಕೀ ಕೊಡೋ ಹಾಗಿಲ್ಲ. ಗೆರೆ ಒಳಗೆ ನಿಂತ್ಕೊಳ್ಳಿ' ಅಂದೆ."

"ನಿಂತ್ಕೊಳ್ಳಿ ಅಂದ್ಯಾ. ಮಾಮ ಅನ್ನೋದೂ ಬರ್ಲಿಲ್ಲ ಬಾಯಲ್ಲಿ."

"ದಿನಾ ಎಲ್ಲರಿಗೂ ಹಾಗೇ ಹೇಳ್ತೀನಮ್ಮ. ಬಾಯಿಗೆ ಅದೇ ಬಂತು. ಮಾಮ ವಾಪಸ್ ಹೋದ್ರು. ಗೆರೆ ಹತ್ರ ಹೋಗಿ ಕೂತ್ರು. ಕೂತ್ರು ಅಂದ್ಕೊಂಡೆ ನಾನು."

ಶವಾಗಾರದ ಓಣಿಯಲ್ಲಿ ಸುರಕ್ಷತಾಧಿಕಾರಿ ಅವಳ ಮುಂದೆ ಕೈ ಜೋಡಿಸಿ ನಿಂತಿದ್ದರು. ಇಸ್ತ್ರಿ ಕೆಡದ ಅಂಗಿ, ಹೊಳೆಯುವ ಬೂಟು, ಅನುಕಂಪದಿಂದ ತುಸು ಓರೆಯಾದ ತಲೆ. "ನಿಮ್ಮ ತಮ್ಮ ಗೆರೆ ದಾಟಿದ್ರು ಅಮ್ಮ. ಕ್ಯಾಮೆರಾದಲ್ಲಿ ಸ್ಪಷ್ಟವಾಗಿದೆ. ವಿಚಾರಣೇಲಿ ನಾವು ಅದನ್ನೇ ಹೇಳ್ಬೇಕಾಗುತ್ತೆ. ಎಷ್ಟೇ ಕಷ್ಟ ಆದ್ರೂ ತಿಳಿದ ಮನುಷ್ಯ ಗೆರೆ ದಾಟಲ್ಲ."

ಆ ಮಾತು ಅವಳೊಳಗೆ ಟೈರಿಗೆ ಹೊಕ್ಕ ಮೊಳೆಯಂತೆ ಹೊಕ್ಕಿತು. ಟೈರಿಗೆ ಹೊಕ್ಕ ಮೊಳೆಯ ಗುಣ ಅವಳಿಗೆ ಗೊತ್ತಿತ್ತು: ಅದು ಒಳಗಿರುವಷ್ಟು ಕಾಲ ಗಾಳಿ ಹೊರಗೆ ಹೋಗುವುದಿಲ್ಲ. ಅವಳು ಅಳಲಿಲ್ಲ. ಮನೆಗೆ ಬಂದು ಮಗನಿಗೆ ಹೇಳಿದಳು: "ನೀನು ಮಾಮನಿಗೆ ಹೆಗಲು ಕೊಡೋ ಹಾಗಿಲ್ಲ. ಮಣ್ಣೂ ಹಾಕೋ ಹಾಗಿಲ್ಲ. ಹಾಕ್ಬೇಕು ಅಂತಿದ್ರೆ ಒಂದು ದಾರಿ ಇದೆ. ಆ ದಿನ ಬೆಳಗ್ಗೆ ಡ್ಯೂಟಿಗೆ ಹೋಗು. ಲೋಡಿಂಗಿಗೆ ನಿಂತ ಗಾಡಿಗಳ ಕೀ ಎಲ್ಲಾ ಹಲಗೆ ಮೇಲೆ ಬರುತ್ತಲ್ಲ, ಅಷ್ಟನ್ನೂ ತಗೊಂಡು ಗುಂಡಿ ಹತ್ರ ಬಾ."

"ಕೆಲಸ ಹೋಗುತ್ತಮ್ಮ."

"ಹೋಗುತ್ತೆ."

\*

ಪೆಟ್ಟಿಗೆಗೆ ಐದು ಜನ ಹೆಗಲು ಕೊಟ್ಟರು. ಆರನೆಯವನಾಗಿ ಮಗ ನಿಲ್ಲಬೇಕಿದ್ದ ಜಾಗದಲ್ಲಿ ಅಕ್ಕ ತಾನೇ ನಿಂತಳು. ವ್ಯಾನಿನ ಹಿಂದೆ ಚಾಲಕರು ನಡೆದೇ ಬಂದರು. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸಿಕೊಂಡು ಹೋಗುವಂತಿಲ್ಲ ಎಂಬ ನಿಯಮವನ್ನು ಡಬಲ್ ಹಾರ್ನ್ ದಾರಿಯುದ್ದಕ್ಕೂ ಎರಡೆರಡು ಸಲ ನೆನಪಿಸುತ್ತಿದ್ದ.

ಗೋದಾಮಿನ ಎತ್ತರದ ಗೋಡೆಯ ಆಚೆ, ರಸ್ತೆ ದಾಟಿದರೆ ಸ್ಮಶಾನ. ಹೊಸ ಗುಂಡಿಗಳ ಸಾಲಿನಲ್ಲಿ ಮರಗಳಿಲ್ಲ. ನೆರಳು ಬೇಕಾದರೆ ಕಾಂಪೌಂಡಿನ ಗೋಡೆಯ ತನಕ ಹೋಗಬೇಕು. ಪೆಟ್ಟಿಗೆ ಇಳಿಯಿತು. ಎಲ್ಲರೂ ಅಕ್ಕನ ಮುಖ ನೋಡಿದರು. ಅವಳು ಗೇಟಿನ ಕಡೆಗೇ ನೋಡುತ್ತಿದ್ದಳು. ಬರುತ್ತಾನೋ ಇಲ್ಲವೋ ಎಂಬುದು ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಬಾರದಿದ್ದರೆ ಇಂದು ಎರಡು ಗುಂಡಿ ಮುಚ್ಚಿದಂತೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಮಗ ಗೇಟಿನಲ್ಲಿ ಕಾಣಿಸಿಕೊಂಡ. ಸಮವಸ್ತ್ರದಲ್ಲೇ ಇದ್ದ. ಹೆಗಲಿನ ಬಟ್ಟೆಚೀಲ ಪ್ರತಿ ಹೆಜ್ಜೆಗೂ ಝಣಗುಟ್ಟುತ್ತಿತ್ತು.

"ಎಲ್ಲಾ ತಂದ್ಯಾ?"

"ಎಲ್ಲಾ. ಹದಿನೇಳು ಗಾಡೀದು," ಎಂದ. ತುಟಿ ಒಣಗಿತ್ತು. "ತೆಗಿಯೋವಾಗ ಚೌಕದಲ್ಲಿದ್ದ ಚಾಲಕರೆಲ್ಲಾ ನೋಡಿದ್ರಮ್ಮ. ಒಬ್ಬರೂ ಬಾಯಿ ಬಿಡ್ಲಿಲ್ಲ. ಸಾಹೇಬ್ರಿಗೆ ಈಗ ಗೊತ್ತಾಗಿರುತ್ತೆ. ಬರ್ತಾರೆ."

"ಪೊಲೀಸ್ನ ಕರ್ಕೊಂಡು ಬರಲ್ವಾ?" ಟ್ಯಾಂಕರ್ ಕೇಳಿದ.

"ಕರೆಯಲ್ಲ. ಕೀ ಕಾಣೆಯಾದ್ರೆ ಅಂಗಳಕ್ಕೆ ಬೀಗ ಹಾಕಿ, ಮೇಲಿನವರು ಬಂದು ಕ್ಯಾಮೆರಾ ಎಲ್ಲಾ ನೋಡ್ಬೇಕು ಅಂತ ನಿಯಮ. ಅವರೇ ಬರೆದಿದ್ದು. ವಿಚಾರಣೆಗೆ ಅವರು ತೋರಿಸೋದು ಗೆರೆ ದಾಟಿದ್ದಷ್ಟೇ. ಪೂರ್ತಿ ನೋಡೋಕೆ ಶುರು ಮಾಡಿದ್ರೆ ಮಾಮ ಬಿದ್ದಿದ್ದು, ಎಷ್ಟು ಹೊತ್ತು ಯಾರೂ ಹತ್ರ ಹೋಗ್ಲಿಲ್ಲ ಅನ್ನೋದು, ಎಲ್ಲಾ ಕಾಣುತ್ತೆ."

ಅಕ್ಕ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಮಗ ಸನಿಕೆಯತ್ತ ಕೈ ಚಾಚಿದ. "ಇನ್ನೂ ಇಲ್ಲ," ಎಂದಳು.

ಸ್ವಲ್ಪ ಹೊತ್ತಿನಲ್ಲಿ ಬಿಳಿಯ ಕಾರು ಬಂದು ವ್ಯಾನಿನ ಹಿಂದೆ ಅಡ್ಡಲಾಗಿ ನಿಂತಿತು. ಸುರಕ್ಷತಾಧಿಕಾರಿ ಹೂವಿನ ಗುಚ್ಛ ಹಿಡಿದು ಇಳಿದರು. ಅಕ್ಕ ಕಾರಿನ ಕಡೆಗೆ ಕಣ್ಸನ್ನೆ ಮಾಡಿದಳು; ಟ್ಯಾಂಕರ್ ತನ್ನ ಗಾತ್ರಕ್ಕೆ ಮೀರಿದ ವಿನಯದಿಂದ ಮುಂದೆ ಹೋದ. "ವ್ಯಾನು ಹೊರಡ್ಬೇಕು ಸರ್, ಕೀ ಕೊಡಿ, ನಾನೇ ಪಕ್ಕಕ್ಕೆ ಹಾಕ್ತೀನಿ." ಅಧಿಕಾರಿ ಕೊಟ್ಟರು. ಟ್ಯಾಂಕರ್ ಕಾರನ್ನು ಗೋಡೆಯ ನೆರಳಿಗೆ ಹಾಕಿ, ಬೀಗ ಹಾಕಿ, ಕೀಯನ್ನು ತಂದು ಅಕ್ಕನ ಚೀಲಕ್ಕೆ ಇಳಿಬಿಟ್ಟ.

"ಅಮ್ಮ," ಎಂದರು ಅಧಿಕಾರಿ, ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ. ದನಿ ತಗ್ಗಿತ್ತು. "ದುಃಖದಲ್ಲಿ ಹುಡುಗ ಏನೋ ತಪ್ಪು ಮಾಡಿದಾನೆ. ನಾನು ದೊಡ್ಡದು ಮಾಡಲ್ಲ. ಕೀ ಕೊಟ್ಬಿಡಿ, ಹೊರಟುಹೋಗ್ತೀನಿ."

"ಕೊಡ್ತೀವಿ ಸಾಹೇಬ್ರೇ. ಲೋಡಿಂಗ್ ಮುಗೀಲಿ."

"ಯಾವ ಲೋಡಿಂಗ್?"

ಅವಳು ಗುಂಡಿಯನ್ನು ತೋರಿಸಿದಳು. ಬಳಿಕ ಸನಿಕೆ ಎತ್ತಿಕೊಂಡು, ಅಗೆದು ಹರಡಿದ್ದ ಹಸಿಮಣ್ಣಿನಲ್ಲಿ ಅದರ ಅಂಚಿನಿಂದ ನಾಲ್ಕು ಗೆರೆ ಎಳೆದಳು. ಗೆರೆಗಳು ನೇರವಾಗಿದ್ದವು, ಮೂಲೆಗಳು ಸರಿಯಾಗಿ ಕೂಡಿದ್ದವು. ಗೋದಾಮಿನ ಚೌಕದಷ್ಟೇ ಅಗಲ.

"ಇದರೊಳಗೆ ನಿಂತ್ಕೊಳ್ಳಿ."

ಅಧಿಕಾರಿ ನಕ್ಕರು. ಸುತ್ತಲೂ ನೋಡಿದರು, ಬೇರೆ ಯಾರೂ ನಗುತ್ತಿರಲಿಲ್ಲ. "ಇದೆಂಥ ಹುಡುಗಾಟ? ನಾನು ಪೊಲೀಸರನ್ನ ಕರೆದ್ರೆ ನಿಮ್ಮ ಮಗ ಒಳಗಿರ್ತಾನೆ, ಗೊತ್ತಾ?"

"ಕರೀರಿ. ಅವನು ಒಳಗೆ ಹೋಗೋಕೆ ಬಟ್ಟೆ ಕಟ್ಟಿಟ್ಟು ಬಂದಿದೀನಿ," ಎಂದಳು ಅಕ್ಕ. "ಬಂದವರು ಕ್ಯಾಮೆರಾನೂ ನೋಡ್ತಾರೆ. ನಾನೂ ಪಕ್ಕದಲ್ಲಿ ಕೂತು ನೋಡ್ತೀನಿ. ನನ್ನ ತಮ್ಮ ಸತ್ತಿದ್ದು ನಾನಿನ್ನೂ ನೋಡಿಲ್ಲ."

ಅಧಿಕಾರಿ ಫೋನನ್ನು ಜೇಬಿನಿಂದ ಅರ್ಧ ತೆಗೆದು ಮತ್ತೆ ಒಳಗಿಟ್ಟರು. ಹೂವನ್ನು ಪಕ್ಕದ ಮಣ್ಣಿನ ಗುಡ್ಡೆಯ ಮೇಲಿಟ್ಟು ಚೌಕದೊಳಗೆ ಕಾಲಿಟ್ಟರು. "ಬೇಗ ಮುಗಿಸಿ," ಎಂದರು.

"ಈಗ," ಎಂದು ಅಕ್ಕ ಚಾಲಕರತ್ತ ತಿರುಗಿದಳು. "ನಿಯಮದ ಪ್ರಕಾರ."

ಚಾಲಕರಿಗೆ ಇನ್ನೇನೂ ಹೇಳಬೇಕಾಗಲಿಲ್ಲ. ಅವರ ಕಣ್ಣುಗಳಲ್ಲಿ ಎಷ್ಟೋ ವರ್ಷಗಳ ದಂಡದ ನೆನಪು ಒಟ್ಟಿಗೆ ಹೊತ್ತಿಕೊಂಡಿತು. ಡಬಲ್ ಹಾರ್ನ್ ಮೊದಲ ಸನಿಕೆಯನ್ನು ಎತ್ತಿ, ಹಿಡಿಯನ್ನು ಅಲ್ಲಾಡಿಸಿ, ಕೆಳಗಿಟ್ಟ.

"ಹಿಡಿ ಸಡಿಲ ಇದೆ, ಸಡಿಲ ಇದೆ. ದೋಷ ಇರೋ ಸಾಧನ ಬಳಸೋ ಹಾಗಿಲ್ಲ."

"ಬದಲಿ ಸನಿಕೆ ತರೋ ತನಕ ಕೆಲಸ ನಿಲ್ಸಿ," ಎಂದ ಟ್ಯಾಂಕರ್. ಬದಲಿ ಸನಿಕೆ ಬಂತು. ಅದನ್ನೂ ತಪಾಸಣೆ ಮಾಡಿದರು. ಒಬ್ಬನಿಗೆ ಕೈಗವಸು ಇಲ್ಲವೆಂದು ಅವನನ್ನು ದೂರ ಕೂರಿಸಿದರು. ಗುಂಡಿಯ ಅಂಚಿನಲ್ಲಿ ಇಬ್ಬರಿಗಿಂತ ಹೆಚ್ಚು ಜನ ನಿಲ್ಲುವುದು ಅಪಾಯವೆಂದು ಉಳಿದವರು ಹಿಂದೆ ಸರಿದರು. ಇಬ್ಬರು ಒಂದಿಷ್ಟು ಮಣ್ಣು ಎಳೆದು ಹಾಕಿದರು. ಕಡ್ಡಾಯ ವಿಶ್ರಾಂತಿಯೆಂದು ಕುಳಿತರು.

"ವಿಶ್ರಾಂತೀಲಿ ಒಂದಡಿ ಅಲ್ಲಾಡಿದ್ರೂ ವಿಶ್ರಾಂತಿ ಮೊದಲಿಂದ ಶುರು ಆಗ್ಬೇಕು ಸರ್," ಎಂದು ಟ್ಯಾಂಕರ್ ಚೌಕದ ಕಡೆಗೆ ವಿವರಿಸಿದ. "ಕ್ಯಾಬಿನ್ನಿನ ಡಬ್ಬೀಲಿ ಹಾಗೇ ಇದೆ. ಅಯ್ಯೋ, ನಾನು ಅಲ್ಲಾಡ್ಬಿಟ್ನಲ್ಲ. ಮೊದಲಿಂದ."

ಬಿಸಿಲು ನೇರವಾಗಿ ಇಳಿಯುತ್ತಿತ್ತು. ಅಧಿಕಾರಿಯ ಅಂಗಿ ಬೆನ್ನಿಗೆ ಅಂಟಿತು. ಹಣೆ ಒರೆಸಿದ ಕರವಸ್ತ್ರವನ್ನು ತಲೆಗೆ ಹಾಕಿಕೊಂಡರು. ಅದರಲ್ಲಿ ತಮ್ಮ ರೂಪ ಹೇಗಿದೆಯೆಂದು ಹೊಳೆದು ತೆಗೆದರು. ಚಾಲಕರ ಮುಖಗಳಲ್ಲಿದ್ದ ಮೊದಲಿನ ನಗೆ ನಿಧಾನವಾಗಿ ಗಟ್ಟಿಯಾಗುತ್ತ ಬಂದಿತು. ಯಾರೂ ಬೈಯಲಿಲ್ಲ, ಯಾರೂ ಮುಟ್ಟಲಿಲ್ಲ.

"ನೋಡಮ್ಮ, ಕಾರಿನಲ್ಲಿ ನೀರಿನ ಬಾಟ್ಲಿ ಇದೆ," ಎಂದರು ಕೊನೆಗೆ. ಗಂಟಲು ಒಣಗಿ ಮಾತು ಒಡೆದಿತ್ತು. "ಗಾಡಿ ಕೀ ಬೇಡ. ನನ್ನ ಕಾರಿನ ಕೀ ಮಾತ್ರ ಕೊಡಿ."

ಅಕ್ಕ ಚೀಲವನ್ನು ಹೆಗಲಿನಿಂದ ತೆಗೆದು ಮಗನ ಕೈಗೆ ಕೊಟ್ಟಳು. "ಕೀ ಕೊಡೋದು ಬಿಡೋದು ಇವನ ಕೆಲಸ. ಇವನನ್ನ ಕೇಳಿ."

"ಕೊಡಪ್ಪ," ಎಂದರು ಅಧಿಕಾರಿ. "ಒಂದು ಕ್ಷಣ. ನೀರಿಗೆ."

ಮಗ ತಾಯಿಯ ಕಡೆ ನೋಡಿದ. ಅವಳಿಗೆ ಏನು ಬೇಕೆಂದು ಅವನಿಗೆ ಆಗ ತಿಳಿಯಿತು. "ಅಮ್ಮ, ಅದೊಂದು ಬೇಡಮ್ಮ."

"ಹೇಳು."

"ಅಕ್ಕ, ಸಾಕು," ಎಂದಳು ತಮ್ಮನ ಹೆಂಡತಿ, ಮೆಲ್ಲಗೆ. "ಹುಡುಗ ಸಾಯ್ತಾನೆ."

"ಸಾಯಲ್ಲ. ಬಿಸಿಲಲ್ಲಿ ನಿಂತವರು ಸಾಯೋದು. ಹೇಳೋ."

ಮಗ ಚೀಲವನ್ನು ಎದೆಗೆ ಅವುಚಿಕೊಂಡ. ಬಳಿಕ, ದಿನವೂ ಹೇಳುವ ಧ್ವನಿಯಲ್ಲೇ ಮಾತು ಹೊರಬಂದಿತು: "ಲೋಡಿಂಗ್ ಮುಗಿಯೋವರೆಗೂ ಕೀ ಕೊಡೋ ಹಾಗಿಲ್ಲ. ಗೆರೆ ಒಳಗೆ ನಿಂತ್ಕೊಳ್ಳಿ."

ಹೇಳಿದವನು ಅಲ್ಲೇ ಮಣ್ಣಿನ ಮೇಲೆ ಕುಸಿದು ಕುಳಿತು ಅಳತೊಡಗಿದ. ಅವನ ಮಾಮ ಸತ್ತಂದಿನಿಂದ ಅವನು ಅತ್ತದ್ದು ಅದೇ ಮೊದಲು. ಅಕ್ಕ ಅವನು ಅಳುವುದನ್ನು ಸ್ವಲ್ಪ ಹೊತ್ತು ನೋಡಿದಳು. ತಡೆಯಲಿಲ್ಲ, ಬೆನ್ನು ಸವರಲಿಲ್ಲ. ಆಮೇಲೆ ಸನಿಕೆಯನ್ನು ಅವನ ಮುಂದೆ ಹಿಡಿದಳು.

"ಏಳು. ಈಗ ಹಾಕು ಮಣ್ಣು. ನಾಳೆಯಿಂದ ಅಂಗಡಿಗೆ ಬಾ, ಟ್ಯೂಬಿಗೆ ಗಾಳಿ ತುಂಬೋಕೆ ಜನ ಬೇಕು."

ಮಗ ಎದ್ದ. ಅವನು ಯಾವ ನಿಯಮವನ್ನೂ ಪಾಲಿಸಲಿಲ್ಲ. ಕೈಗವಸಿಲ್ಲದೆ, ವಿಶ್ರಾಂತಿಯಿಲ್ಲದೆ, ಉಸಿರು ಕಟ್ಟಿದವನಂತೆ ಮಣ್ಣು ತುಂಬಿದ. ಚಾಲಕರು ಒಬ್ಬೊಬ್ಬರಾಗಿ ಬಂದು ಕೈ ಜೋಡಿಸಿದರು. ಗುಂಡಿ ನೆಲದ ಮಟ್ಟಕ್ಕೆ ಬಂದಿತು.

"ಕೊನೇ ಹಿಡಿ ಮಣ್ಣು ಎಲ್ಲರೂ ಹಾಕ್ಬೇಕು," ಎಂದಳು ಅಕ್ಕ. "ಎಲ್ಲರೂ ಈ ಕಡೆ ತಿರುಗಿ. ತಲೆ ಬಗ್ಗಿಸಿ. ನಾನು ಹೇಳೋವರೆಗೂ ಯಾರೂ ಹಿಂದೆ ನೋಡ್ಬಾರ್ದು."

"ಸಾಹೇಬ್ರು?" ಎಂದು ಟ್ಯಾಂಕರ್ ಪಿಸುಗುಟ್ಟಿದ. "ಅವರನ್ನ ನೋಡ್ಕೊಳ್ಳೋರು ಯಾರು?"

"ಯಾರೂ ಬೇಡ. ತಿಳಿದ ಮನುಷ್ಯ ಅವರು."

ಎಲ್ಲರೂ ಚೌಕಕ್ಕೆ ಬೆನ್ನು ಹಾಕಿ ನಿಂತರು. ಒಬ್ಬೊಬ್ಬರೂ ಬಗ್ಗಿ ಹಿಡಿ ಮಣ್ಣು ಹಾಕಿದರು. ತಮ್ಮನ ಹೆಂಡತಿ ತನ್ನ ಹಿಡಿಯನ್ನು ಬಹಳ ಹೊತ್ತು ಬಿಡಲಿಲ್ಲ. ಅಕ್ಕ ಎಲ್ಲರಿಗಿಂತ ಕೊನೆಗೆ ಹಾಕಿದಳು. ಹಾಕಿದ ಮೇಲೂ ಅವಸರ ಮಾಡಲಿಲ್ಲ. ಬೆನ್ನ ಹಿಂದೆ ಯಾವ ಸದ್ದೂ ಬರಲಿಲ್ಲ. ಬಂದಿದ್ದರೂ ಅವಳು ತಿರುಗುತ್ತಿರಲಿಲ್ಲ.

ಬಳಿಕ, "ತಿರುಗ್ಬಹುದು," ಎಂದಳು.

ಚೌಕ ಖಾಲಿಯಿತ್ತು. ಸುರಕ್ಷತಾಧಿಕಾರಿ ಗೋಡೆಯ ನೆರಳಿನಲ್ಲಿ, ಬೀಗ ಹಾಕಿದ ತಮ್ಮ ಕಾರಿನ ಬಾಗಿಲಿಗೆ ಒರಗಿ, ತಲೆ ತಗ್ಗಿಸಿ ಕುಳಿತಿದ್ದರು. ಅಕ್ಕ ಮಗನ ಕೈಯಿಂದ ಚೀಲ ತೆಗೆದುಕೊಂಡು ನಡೆದು ಹೋಗಿ, ಅದನ್ನು ಅವರ ಮಡಿಲಿಗೆ ಹಾಕಿದಳು. ಅವರು ಮುಖವೆತ್ತಲಿಲ್ಲ.

ಮರಳಿ ಬರುವಾಗ ಚೌಕದ ಬಳಿ ನಿಂತು, ಮೊಣಕಾಲೂರಿ ಕುಳಿತು, ಟೈರಿನ ಗುರುತು ಪರೀಕ್ಷಿಸುವವಳಂತೆ ನೆಲವನ್ನು ನೋಡಿದಳು. ಮಗನೂ ಟ್ಯಾಂಕರೂ ಬಂದು ಬಗ್ಗಿದರು. ನಾಲ್ಕೂ ಗೆರೆಗಳಲ್ಲಿ ಗೋಡೆಯ ಕಡೆಯದೊಂದು ಮಾತ್ರ ಅಳಿಸಿತ್ತು. ಅದರಾಚೆ ಹಸಿಮಣ್ಣಿನಲ್ಲಿ ಬೂಟಿನ ಗುರುತುಗಳು ಸಾಲಾಗಿದ್ದವು. ಮುಂಗಾಲು ಆಳವಾಗಿ ಊರಿತ್ತು, ಹಿಮ್ಮಡಿ ಎಲ್ಲಿಯೂ ನೆಲ ಮುಟ್ಟಿರಲಿಲ್ಲ, ಒಂದು ಗುರುತಿಗೂ ಇನ್ನೊಂದಕ್ಕೂ ನಡುವೆ ಅಕ್ಕನ ಮೂರು ಮೊಳದಷ್ಟು ಅಂತರವಿತ್ತು.

ಅವರು ನಡೆದುಹೋಗಿರಲಿಲ್ಲ, ಓಡಿದ್ದರು.